ಊರೊಳಗಿನ ಜ್ವಾಲಾಮುಖಿ, ನಮ್ಮ ಮುರಕಲ್ಲು

ಪ್ರಶ್ನೆ: ಮಗಳು ಎಡಿನ್‌ಬರೋದಲ್ಲಿ ಓದುತ್ತಿದ್ದಾಳೆ. ಅವಳ ಕಿಟಕಿಯಿಂದ ಕಾಣುವ ಗುಡ್ಡ ಹಳೆಯ ಜ್ವಾಲಾಮುಖಿಯಂತೆ. ಮತ್ತೆ ಸಿಡಿದೀತೇ? ಮನೆ ಕಟ್ಟುವ ನಮ್ಮ ಕೆಂಪು ಮುರಕಲ್ಲಿನಲ್ಲೂ ತೂತುಗಳಿವೆಯಲ್ಲ, ಇಲ್ಲಿಯೂ ಲಾವಾ ಹರಿದಿತ್ತೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಆತಂಕ ಬೇಡ. ಅದು ಆರ್ಥರ್ಸ್ ಸೀಟ್, 251 ಮೀಟರ್ ಎತ್ತರದ ಗುಡ್ಡ. ಬೆಂಕಿ ಉಗುಳಿದ್ದು ಸುಮಾರು 34 ಕೋಟಿ ವರ್ಷಗಳ ಹಿಂದೆ, ಸ್ಕಾಟ್‌ಲೆಂಡಿನ ನೆಲ ಭೂಮಧ್ಯರೇಖೆಯ ಬಳಿ ಇದ್ದಾಗ. ಅಡಿಯ ಶಿಲಾರಸ ಎಂದೋ ಕಲ್ಲಾಗಿದೆ. ಹಿಮಯುಗದ ಹಿಮನದಿಗಳು ಮೆತ್ತನೆಯದನ್ನೆಲ್ಲ ಉಜ್ಜಿ ಒಯ್ದು ಗಟ್ಟಿ ಕಲ್ಲನ್ನು ಉಳಿಸಿವೆ.

ಮಗಳು ತುದಿಗೆ ಹತ್ತಿ ಫೋಟೊ ತೆಗೆದು ಇಳಿದುಬಿಡಬಾರದು. ಪಕ್ಕದ ಸಾಲಿಸ್‌ಬರಿ ಕ್ರ್ಯಾಗ್ಸ್ ಎಂಬ ಕಡಿದಾದ ಬಂಡೆಸಾಲಿನ ಬುಡಕ್ಕೆ ಹೋಗಲಿ. ಇಂಥ ಕಪ್ಪುಕಲ್ಲು ಆದಿಸಮುದ್ರದ ನೀರಿನಿಂದ ಹೆಪ್ಪುಗಟ್ಟಿದ್ದೆಂದು 18ನೆಯ ಶತಮಾನದ ಅನೇಕ ವಿದ್ವಾಂಸರು ನಂಬಿದ್ದರು. ಅದೇ ಊರಿನ ಭೂವಿಜ್ಞಾನಿ ಜೇಮ್ಸ್ ಹಟನ್ ಒಪ್ಪಲಿಲ್ಲ. ಅಲ್ಲಿ ಕೆಳಗಿನ ಪದರಗಲ್ಲು ಕಿತ್ತು ಮೇಲಕ್ಕೆ ಬಾಗಿದೆ, ಸಂದಿಗೆ ಕಪ್ಪುಕಲ್ಲು ನುಗ್ಗಿದೆ. ಕಾದು ಕರಗಿದ ರಸವಲ್ಲದೆ ಬೇರೇನು ಹಾಗೆ ನುಗ್ಗೀತು? ಭೂಮಿಯ ವಯಸ್ಸನ್ನು ಸಾವಿರಗಳಲ್ಲಿ ಎಣಿಸುವುದು ಸಾಲದೆಂದು ವಾದಿಸಿದವನೂ ಅವನೇ. ಕಾಲೇಜಿನಲ್ಲಿ ಈ ಪಾಠ ಮಾಡುವಾಗಲೆಲ್ಲ ನನಗೆ ಮೈ ನವಿರೇಳುತ್ತಿತ್ತು.

ಆ ಬಂಡೆಯನ್ನೂ ಬೀದಿಗೆ ಹಾಸಲು ಒಡೆಯುತ್ತಿದ್ದರು. ಊರವರು ನ್ಯಾಯಾಲಯಕ್ಕೆ ಹೋದರು. 1831ರಲ್ಲಿ, ಆಗ ಬ್ರಿಟನ್ನಿನ ಕೊನೆಯ ಮೇಲ್ಮನವಿ ನ್ಯಾಯಪೀಠವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ತೀರ್ಪಿನಿಂದ ಕೆಲಸ ನಿಂತಿತು. ನಮ್ಮ ಕೆಂಪುಕಲ್ಲಿನ ಕೋರೆಗಳಲ್ಲಿ ಒಂದಾದರೂ ಗೋಡೆಯನ್ನು ಮಕ್ಕಳ ಪಾಠಕ್ಕೆಂದು ಉಳಿಸಿಕೊಳ್ಳಬೇಕು, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಮುರಕಲ್ಲಿನ ತೂತು ಲಾವಾದ ಗುಳ್ಳೆಯಲ್ಲ, ಮಳೆಯ ಕೆಲಸ. ಲಕ್ಷಾಂತರ ವರ್ಷಗಳ ಮಳೆ ಹಳೆಯ ಬಂಡೆಯ ಸಿಲಿಕಾ ಮೊದಲಾದುವನ್ನು ಕರಗಿಸಿ ಒಯ್ದಿತು. ಕಬ್ಬಿಣ, ಅಲ್ಯೂಮಿನಿಯಂಗಳ ಅಂಶ ಉಳಿಯಿತು. ನಡುವಿನ ಜೇಡಿ ತೊಳೆದುಹೋದಲ್ಲೆಲ್ಲ ತೂತು. ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ, ಈಸ್ಟ್ ಇಂಡಿಯಾ ಕಂಪನಿಗಾಗಿ ನಾಡಿನ ಸಮೀಕ್ಷೆ ಮಾಡಿದ ಫ್ರಾನ್ಸಿಸ್ ಬುಕಾನನ್ ಎಡಿನ್‌ಬರೋದಲ್ಲೇ ವೈದ್ಯಕೀಯ ಓದಿದವನು. 1800–01ರಲ್ಲಿ ಮಲಬಾರಿನಿಂದ ಕೆನರಾಕ್ಕೆ ನಮ್ಮ ಕಾಸರಗೋಡು ಸೀಮೆಯ ಮೂಲಕವೇ ಸಾಗಿದ.

ನಿಜವಾದ ಅಗ್ನಿಶಿಲೆ ನೋಡುವ ಆಸೆಯಿದ್ದರೆ ಮಲ್ಪೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ. ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಕಲ್ಲುಕಂಬಗಳು ಅಲ್ಲಿವೆ. ಲಾವಾ ತಣಿಯುತ್ತ ಕುಗ್ಗಿ ಬಿರುಕುಬಿಟ್ಟು ಆದವು. ಆರ್ಥರ್ಸ್ ಸೀಟಿನ ಸ್ಯಾಮ್ಸನ್ಸ್ ರಿಬ್ಸ್ ಕಂಬಗಳೂ ಹಾಗೆಯೇ ಆದವು. ಮಗಳು ರಜೆಗೆ ಬಂದಾಗ ಕರೆದೊಯ್ಯಿರಿ, ಮಳೆಗಾಲದಲ್ಲಿ ಮಾತ್ರ ದೋಣಿ ಬಿಡುವುದಿಲ್ಲ.