ಟೆಸ್ಟಲ್ಲೆಲ್ಲ ಪಾಸಾದ ಥ್ರೆಡ್ ಕೋಡು ರಶ್ ಟೈಮಲ್ಲಿ ಯಾಕೆ ಕೈ ಕೊಡತ್ತೆ, ಲಾಜಿಕ್ಕಿಂದ ಅದನ್ನ ಹಿಡಿಯೋಕಾಗತ್ತಾ?

ನೀವು ಕೇಳಿರೋದು, ಹೋಂಸ್ಟೇ ಬುಕ್ಕಿಂಗ್ ಪ್ರಾಜೆಕ್ಟ್ ಎಷ್ಟು ಸಲ ಟೆಸ್ಟ್ ಮಾಡಿದ್ರೂ ಸರಿಯಾಗೇ ಇತ್ತು, ಡೆಮೋ ದಿನ ಒಂದೇ ರೂಮು ಇಬ್ಬರಿಗೆ ಹೋಯ್ತು, ಸರ್ ನೋಡಿದ್ರೆ ಲಾಜಿಕ್ಕಲ್ಲಿ ಪ್ರೂವ್ ಮಾಡಿ ಅಂತಾರೆ, ಇದು ಪರೀಕ್ಷೆ ಬಿಟ್ಟು ಬೇರೆಲ್ಲಾದ್ರೂ ಉಪಯೋಗಕ್ಕೆ ಬರತ್ತಾ, ಮ್ಯಾಥ್ಸ್ ವೀಕ್ ಇರೋರಿಗೆ ಹತ್ತತ್ತಾ ಅಂತ. ಎರಡಕ್ಕೂ ಹೌದು. ನಾನು ಮಡಿಕೇರೀಲೇ ಕೂತು ಬ್ಯಾಕೆಂಡ್ ಕೆಲಸ ಮಾಡೋನು, ದಸರಾ ಟೈಮಲ್ಲಿ ಇಲ್ಲಿ ರೂಮಿಗೆ ಎಂಥ ಹೊಡೆದಾಟ ಅಂತ ನಿಮಗೇ ಗೊತ್ತು, ಹಾಗಾಗಿ ನಿಮ್ಮ ಉದಾಹರಣೇನೇ ಇಟ್ಕೊಳ್ಳೋಣ.

ನಿಮ್ಮ ಕೋಡಲ್ಲಿ ಒಂದು ಥ್ರೆಡ್ (ಅಂದ್ರೆ ಒಂದೇ ಪ್ರೋಗ್ರಾಮಲ್ಲಿ ಬೇರೆಯವುಗಳ ಜೊತೆಜೊತೆಗೇ ಓಡೋ ಒಂದು ಎಳೆ, ಇಲ್ಲಿ ಒಬ್ಬ ಗಿರಾಕಿಗೆ ಒಂದು) ಮಾಡೋದು ಮೂರು ಕೆಲಸ: ಖಾಲಿ ಇದೆಯಾ ನೋಡೋದು, ಖಾಲಿ ಲೆಕ್ಕದಲ್ಲಿ ಒಂದು ಕಳೆಯೋದು, ಬುಕ್ಕಿಂಗ್ ಬರೆಯೋದು. ಇಂಥ ಎರಡು ಥ್ರೆಡ್ಡಿನ ಮೂರು ಮೂರು ಹೆಜ್ಜೆ ಒಂದರೊಳಗೊಂದು ಸೇರ್ಕೊಳ್ಳೋಕೆ 20 ದಾರಿ. ಹತ್ತು ಹತ್ತು ಹೆಜ್ಜೆ ಆದ್ರೆ 1,84,756. ಮೂರು ಥ್ರೆಡ್ಡು, ಒಂದೊಂದಕ್ಕೆ ಹತ್ತು ಹೆಜ್ಜೆ ಅಂದ್ರೆ ಐದೂವರೆ ಲಕ್ಷ ಕೋಟಿ ದಾಟತ್ತೆ. ನಿಮ್ಮ ಲ್ಯಾಪ್‌ಟಾಪಲ್ಲಿ ಯಾವ ಥ್ರೆಡ್ ಯಾವಾಗ ಓಡಬೇಕು ಅಂತ ನಿರ್ಧರಿಸೋ ಶೆಡ್ಯೂಲರ್ ಹೆಚ್ಚುಕಮ್ಮಿ ಅದೇ ನಾಲ್ಕಾರು ದಾರೀಲಿ ಓಡಾಡ್ತಾ ಇರತ್ತೆ, ಟೆಸ್ಟ್ ನೋಡೋದೂ ಅಷ್ಟನ್ನೇ.

ಇಲ್ಲಿ ಎಲ್ಲರೂ ಮೊದಲು ಮಾಡೋದು ಏನಂದ್ರೆ 'ಇವನು ಇಲ್ಲಿದ್ದಾಗ ಅವನು ಅಲ್ಲಿಗೆ ಬಂದ್ರೆ' ಅಂತ ತಲೇಲೇ ಸಿನಿಮಾ ಓಡಿಸೋದು, ಅದನ್ನ ಬಿಟ್ಬಿಡಿ. ಯಾವ ದಾರೀಲಿ ಬಂತು ಅನ್ನೋದು ಬೇಡ, ಈಗ ಈ ಕ್ಷಣಕ್ಕೆ ಯಾವ ಮಾತು ನಿಜ ಇರಬೇಕು ಅಷ್ಟೇ ಕೇಳಿ. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1969ರಲ್ಲಿ ಒಂದೊಂದು ಸಾಲಿನ ಹಿಂದೆ ಮುಂದೆ ಏನು ನಿಜ ಇರಬೇಕು ಅಂತ ಬರೆಯೋ ಪದ್ಧತಿ ಕೊಟ್ರು, 1976ರಲ್ಲಿ ಸೂಸನ್ ಒವಿಕಿ, ಡೇವಿಡ್ ಗ್ರೀಸ್ ಇಬ್ಬರೂ ಅದನ್ನ ಜೊತೆಜೊತೆಗೆ ಓಡೋ ಪ್ರೋಗ್ರಾಮಿಗೆ ತಂದ್ರು. ಅವರು ಸೇರಿಸಿದ ಷರತ್ತು ಒಂದೇ: ನಾನು ನಂಬಿಕೊಂಡು ನಿಂತಿರೋ ಮಾತನ್ನ ಪಕ್ಕದ ಥ್ರೆಡ್ಡಿನ ಯಾವ ಹೆಜ್ಜೆಯೂ ಸುಳ್ಳು ಮಾಡಬಾರದು.

ಈಗ ಹಚ್ಚಿ ನೋಡಿ. ಮೊದಲನೇ ಥ್ರೆಡ್ ನೋಡಿ ಆಯ್ತು, ಇನ್ನೂ ಕಳೆದಿಲ್ಲ, ಆ ಜಾಗದಲ್ಲಿ ಅದು ನಂಬಿರೋದು 'ಖಾಲಿ ಸೊನ್ನೆಗಿಂತ ಜಾಸ್ತಿ'. ಇನ್ನೊಂದು ಥ್ರೆಡ್ಡಿನ ಕಳೆಯೋ ಹೆಜ್ಜೆ ತಗೊಳ್ಳಿ, ಖಾಲಿ 1 ಇದ್ರೆ ಅದು 0 ಆಗತ್ತೆ, ನಂಬಿಕೆ ಸುಳ್ಳಾಯ್ತು. ಮುಗೀತು! ಒಂದು ಸಲನೂ ರನ್ ಮಾಡದೆ ಬಗ್ ಸಿಕ್ತು, ಯಾವ ಎರಡು ಸಾಲಿನ ಮಧ್ಯೆ ಅಂತಾನೂ ಗೊತ್ತಾಯ್ತು. ನೋಡೋದು ಕಳೆಯೋದು ಎರಡನ್ನೂ ಒಂದೇ ಹೆಜ್ಜೆ ಮಾಡಿದ್ರೆ (ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನ ಒಳಗೆ ಬಿಡೋ ಲಾಕ್ ಹಾಕಿ, ಇಲ್ಲಾ ಡೇಟಾಬೇಸಲ್ಲಿ ಖಾಲಿ ಸೊನ್ನೆಗಿಂತ ಜಾಸ್ತಿ ಇದ್ರೆ ಮಾತ್ರ ಕಳಿ ಅನ್ನೋ ಒಂದೇ ಅಪ್ಡೇಟ್) ಮಧ್ಯದಲ್ಲಿ ನಂಬಿಕೊಂಡು ನಿಲ್ಲೋ ಜಾಗನೇ ಇರಲ್ಲ, ಆಮೇಲೆ ಥ್ರೆಡ್ ಎರಡಿರಲಿ ಇನ್ನೂರಿರಲಿ ಪ್ರೂಫ್ ಅದೇ.

ಆದ್ರೆ 'ಖಾಲಿ ಪ್ಲಸ್ ಬುಕ್ಕಿಂಗ್ ಯಾವಾಗ್ಲೂ ಒಟ್ಟು ರೂಮಿಗೆ ಸಮ' ಅಂತ ಬರೆಯೋಕೆ ಹೋದ್ರೆ ಸಿಕ್ಕಾಕ್ಕೊಳ್ತೀರ, ಯಾಕಂದ್ರೆ ಕಳೆದಾಗಿದೆ ಇನ್ನೂ ಬರೆದಿಲ್ಲ ಅನ್ನೋ ಹೊತ್ತಲ್ಲಿ ಅದು ಸುಳ್ಳು. ಆಗ 'ಬರೆಯೋಕೆ ಬಾಕಿ' ಅಂತ ಇನ್ನೊಂದು ಲೆಕ್ಕ ಸೇರಿಸ್ಬೇಕು, ಕೋಡಿಗೆ ಅದು ಬೇಕಾಗಿಲ್ಲ, ಪ್ರೂಫಿಗೋಸ್ಕರ ಮಾತ್ರ. ಇಂಥ ಸರಿಯಾದ ಇನ್ವೇರಿಯಂಟ್ (ಯಾವಾಗ್ಲೂ ನಿಜ ಇರಬೇಕಾದ ಮಾತು) ಹುಡುಕೋದೇ ನಿಜವಾದ ಕಷ್ಟ, ಉಳಿದಿದ್ದು ಕೂಲಿ ಕೆಲಸ ಅಂತ ನನ್ನ ಅಭಿಪ್ರಾಯ.

ಇಷ್ಟಕ್ಕೇ ಸಾಲಲ್ಲ ಮಾರಾಯ್ರೆ. ಯಾರಿಗೂ ರೂಮೇ ಕೊಡದ ಪ್ರೋಗ್ರಾಮ್ ಕೂಡ ಇಬ್ಬರಿಗೆ ಒಂದೇ ರೂಮು ಕೊಡಲ್ಲ! ಒಬ್ಬ ರೂಮಿನ ಲಾಕ್ ಹಿಡಿದು ಮಾಂದಲ್‌ಪಟ್ಟಿ ಜೀಪಿನ ಲಾಕಿಗೆ ಕಾಯ್ತಾನೆ, ಇನ್ನೊಬ್ಬ ಜೀಪ್ ಹಿಡಿದು ರೂಮಿಗೆ ಕಾಯ್ತಾನೆ, ತಪ್ಪು ಬುಕ್ಕಿಂಗ್ ಒಂದೂ ಆಗಲ್ಲ, ಸರಿ ಬುಕ್ಕಿಂಗೂ ಆಗಲ್ಲ. ಕೆಟ್ಟದ್ದು ಯಾವತ್ತೂ ಆಗಲ್ಲ ಅನ್ನೋದು ಸೇಫ್ಟಿ, ಒಳ್ಳೇದು ಮುಂದೆ ಎಂದಾದ್ರೂ ಆಗೇ ಆಗತ್ತೆ ಅನ್ನೋದು ಲೈವ್‌ನೆಸ್. ಎರಡನೇದಕ್ಕೆ 'ಯಾವಾಗ್ಲೂ', 'ಎಂದಾದ್ರೂ' ಅನ್ನೋ ಮಾತು ಲಾಜಿಕ್ಕಲ್ಲೇ ಬೇಕು, ಆ ಟೆಂಪೊರಲ್ ಲಾಜಿಕ್ಕನ್ನ ಪ್ರೋಗ್ರಾಮಿಗೆ ತಂದಿದ್ದು 1977ರಲ್ಲಿ ಅಮೀರ್ ಪ್ನುವೇಲಿ, ಅವರಿಗೆ 1996ರಲ್ಲಿ ಕಂಪ್ಯೂಟರ್ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯೂ ಬಂತು. ಶೆಡ್ಯೂಲರ್ ಯಾವ ಥ್ರೆಡ್ಡನ್ನೂ ಶಾಶ್ವತವಾಗಿ ಮೂಲೇಲಿ ಕೂರಿಸಲ್ಲ ಅಂತಾನೂ ಬರೆದಿಡಬೇಕು, ಇಲ್ಲಾಂದ್ರೆ ಲೈವ್‌ನೆಸ್ ಪ್ರೂವ್ ಆಗೋದೇ ಇಲ್ಲ.

ಉಪಯೋಗ ಕೇಳಿದ್ರಲ್ಲ, ಅಮೆಜಾನಿನೋರು 2011ರಿಂದ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಮಾಡಿದ ಟಿಎಲ್‌ಎ ಪ್ಲಸ್ (ಪ್ರೋಗ್ರಾಮಿನ ಹೆಜ್ಜೆಗಳನ್ನ ಲಾಜಿಕ್ಕಲ್ಲಿ ಬರೆಯೋ ಭಾಷೆ, ಬರೆದಿದ್ದನ್ನ ಎಲ್ಲಾ ದಾರೀಲೂ ಓಡಿಸಿ ನೋಡೋ ಟೂಲೂ ಜೊತೆಗಿದೆ) ಬಳಸ್ತಾ ಇದಾರೆ, ಅವರ ಡೇಟಾಬೇಸ್ ಡೈನಮೋಡಿಬಿಯಲ್ಲಿ ಅದು ಹಿಡಿದ ಒಂದು ಬಗ್ ಕಾಣಿಸ್ಕೊಳ್ಳೋಕೆ ಕಮ್ಮಿ ಅಂದ್ರೂ 35 ಹೆಜ್ಜೆ ಬೇಕಿತ್ತಂತೆ, ಅದನ್ನ ಯಾವ ಮನುಷ್ಯ ಟೆಸ್ಟ್ ಬರೆದು ಹಿಡೀತಾನೆ ಹೇಳಿ. ಆದ್ರೆ ಆ ಟೂಲ್ ನೋಡೋದು ನೀವು ಬರೆದ ಮಾಡೆಲ್ಲನ್ನ (ಕೋಡಿನ ಸರಳ ರೂಪವನ್ನ), ನಿಮ್ಮ ಜಾವಾ ಕೋಡನ್ನಲ್ಲ, ಅದೂ ಚಿಕ್ಕ ಚಿಕ್ಕ ಸಂಖ್ಯೆಗೆ.

ಮ್ಯಾಥ್ಸ್ ಅಂದ್ರೆ ಪಿಯುಸಿಲಿ ಓದಿದ ಸೆಟ್ಟು, 'ಮತ್ತು', 'ಅಥವಾ', 'ಹೀಗಾದ್ರೆ ಹಾಗೆ' ಇಷ್ಟೇ ಸಾಕು. ಟೂಲ್ ಫ್ರೀ, ಇಂಟರ್ನೆಟ್ ಬೇಡ, ಮಳೆಗಾಲದಲ್ಲಿ ಕರೆಂಟು ನೆಟ್ಟು ಎರಡೂ ಹೋದ್ರೂ ಬ್ಯಾಟರಿ ಇರೋವರೆಗೆ ಓಡತ್ತೆ. ಎರಡು ರೂಮು, ಮೂರು ಗಿರಾಕಿ ಇಟ್ಟು ನಿಮ್ಮ ಹಳೇ ಕೋಡಿನ ಮೂರು ಹೆಜ್ಜೆನೇ ಬರೀರಿ, ಖಾಲಿ ಸೊನ್ನೆಗಿಂತ ಕೆಳಗೆ ಹೋಗಬಾರದು ಅಂತ ಇನ್ವೇರಿಯಂಟ್ ಕೊಡಿ, ಅದು ತೋರಿಸೋ ಹೆಜ್ಜೆಗಳನ್ನ ಕಾಮೆಂಟಲ್ಲಿ ಹಾಕಿ, ನೋಡಿ ಹೇಳ್ತೀನಿ.