ಜೌಗಿನ ಜಿಗಣೆ ಸಿನಿಮಾ ಯಾವುದು ಅಂತ ಕೇಳಿದವರಿಗೆ

ಕಪ್ಪು ಬಿಳುಪು ಸಿನಿಮಾ, ಆಳೆತ್ತರದ ಜಿಗಣೆಗಳು ಜನರನ್ನು ನೀರೊಳಗಿನ ಗುಹೆಗೆ ಎಳೆದೊಯ್ಯುತ್ತವೆ ಅಂದಿರಲ್ಲ, ಅದು 1959ರ ‘ಅಟ್ಯಾಕ್ ಆಫ್ ದ ಜೈಂಟ್ ಲೀಚಸ್’. ನಿರ್ದೇಶಕ ಬರ್ನಾರ್ಡ್ ಕೊವಾಲ್ಸ್ಕಿ. ಕಥೆ ಅಮೆರಿಕದ ಫ್ಲೋರಿಡಾದ ಜೌಗು ಪ್ರದೇಶವಾದ ಎವರ್‌ಗ್ಲೇಡ್ಸ್‌ನಲ್ಲಿ ನಡೆಯುತ್ತದೆ. ಜಿಗಣೆ ಅಂದರೆ ವೇಷ ಹಾಕಿದ ಮನುಷ್ಯರೇ, ಅದು ಎದ್ದು ಕಾಣುತ್ತದೆ. ಆದರೂ ಆ ಗುಹೆಯ ದೃಶ್ಯ ಇವತ್ತಿಗೂ ಮೈ ಜುಮ್ಮೆನಿಸುತ್ತದೆ: ಜಿಗಣೆಗಳು ಹಿಡಿದು ತಂದ ಜನ ಸತ್ತಿರುವುದಿಲ್ಲ, ಒದ್ದೆ ಬಂಡೆ ಮೇಲೆ ಅರೆಜೀವವಾಗಿ ಬಿದ್ದಿರುತ್ತಾರೆ, ಜಿಗಣೆಗಳು ನಿಧಾನಕ್ಕೆ ಬಂದು ಕುತ್ತಿಗೆಗೆ ಬಾಯಿ ಹಾಕಿ ರಕ್ತ ಹೀರುತ್ತವೆ. ಅಂಗಡಿಯವನ ಹೆಂಡತಿಯಾಗಿ ಇವೆಟ್ ವಿಕರ್ಸ್ ನಟನೆ ತಪ್ಪದೆ ನೋಡಿ. ನನಗೆ ಜಾಸ್ತಿ ಕಾಡಿದ್ದು ಅಂಗಡಿಯವನ ಪಾತ್ರ. ಸಿಟ್ಟಲ್ಲಿ ಹೆಂಡತಿಯನ್ನೂ ಅವಳ ಗೆಳೆಯನನ್ನೂ ಬಂದೂಕು ತೋರಿಸಿ ಕೆಸರಿಗಿಳಿಸುತ್ತಾನೆ, ಅಲ್ಲಿ ಜಿಗಣೆಗಳು ಅವರಿಬ್ಬರನ್ನೂ ಎಳೆದೊಯ್ಯುತ್ತವೆ, ಆಮೇಲೆ ಅವನು ಅದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಒಂದು ಗಂಟೆ ಚಿಲ್ಲರೆ ಅಷ್ಟೇ, ರಾತ್ರಿ ದೀಪ ಆರಿಸಿ ನೋಡಿ.