ಕಿಟಕಿ ಪಟ್ಟಿ ಗೋಡೆಗೆ ಕೂರುತ್ತಿಲ್ಲ

ಪ್ರಶ್ನೆ: ಬಸವನಗುಡಿಯ ನಮ್ಮ ಹಳೇ ಮನೆಗೆ ಹೊಸ ಕಿಟಕಿ ಹಾಕಿಸಿದೆವು. ಎಡಗಡೆ ಗಾರೆ ಚೌಕಟ್ಟಿಗಿಂತ 6 ಮಿ.ಮೀ. ಮುಂದಿದೆ, ಬಲಗಡೆ ಅಷ್ಟೇ ಹಿಂದಿದೆ. ಸುತ್ತ ಮರದ ಪಟ್ಟಿ ಹೊಡೆದರೆ ಮೂಲೆಗಳು ಬಾಯಿ ಬಿಡುತ್ತವೆ. ಬಡಗಿ ‘ಪುಟ್ಟಿ ತುಂಬೋಣ ಬಿಡಿ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಪುಟ್ಟಿ ಬೇಡ. ಮಳೆಗಾಲಕ್ಕೆ ಮರ ಹಿಗ್ಗುತ್ತೆ, ಬೇಸಿಗೆಗೆ ಕುಗ್ಗುತ್ತೆ. ಅಷ್ಟು ದಪ್ಪ ಪುಟ್ಟಿ ಬಿರುಕು ಬಿಡದೆ ಇರುತ್ತಾ?

ವ್ಯತ್ಯಾಸ 2 ಮಿ.ಮೀ. ಇದ್ದಿದ್ದರೆ ಪಟ್ಟಿಯ ಅಡಿ ಬರುವ ಗಾರೆಯನ್ನು ಸ್ವಲ್ಪ ಕೆತ್ತಿ ಅಂತಿದ್ದೆ. ನಿಮ್ಮದು ಜಾಸ್ತಿ. ಜೊತೆಗೆ ಹಳೇ ಸುಣ್ಣದ ಗಾರೆಗೆ ಸುತ್ತಿಗೆ ಬಿದ್ದರೆ ಹಪ್ಪಳದ ಹಾಗೆ ಕಳಚಿಕೊಂಡು ಬರಬಹುದು. ಎಡಗಡೆ ಚೌಕಟ್ಟಿನ ಮೇಲೆ ಅದೇ ಮರದ ಸಣ್ಣ ರೀಪು ಅಂಟಿಸಿ, ಗೋಡೆಯ ಮಟ್ಟಕ್ಕೆ ಉಜ್ಜುಗೊರಡು ಹಾಕಿಸಿ. ಮೇಲೆ 6, ಕೆಳಗೆ 4 ಇದ್ದರೆ ರೀಪೂ ಹಾಗೇ ಇಳಿಜಾರಾಗಲಿ.

ಬಲಗಡೆ ಪಟ್ಟಿ ಚೌಕಟ್ಟಿನ ಮೇಲೆ ಸಪಾಟಾಗಿ ಕೂರಲಿ. ಹೊರ ಅಂಚಿನ ಸಂದಿಗೆ ಇನ್ನೊಂದು ರೀಪು ಹಿಡಿದು, ಗೋಡೆಗೆ ತಾಗಿಸಿಕೊಂಡು ಪೆನ್ಸಿಲ್ ಎಳೆಯಿರಿ. ಗೋಡೆಯ ಡೊಂಕೆಲ್ಲ ಮರದ ಮೇಲೆ ಮೂಡುತ್ತೆ. ಆ ಗೆರೆಗೇ ಕೊಯ್ಯಿರಿ.

ಮೂಲೆ ಕೊನೆಗೆ. ಪಟ್ಟಿ ಇನ್ನೂ ಸ್ವಲ್ಪ ವಾಲಿದ್ದರೆ, 45 ಡಿಗ್ರಿ ಕೊಯ್ಯುವಾಗ ಅದರಡಿ ಹಳೇ ಮದುವೆ ಕಾರ್ಡಿನ ತುಂಡು ಇಟ್ಟು ಅಷ್ಟೇ ವಾಲಿಸಿ. (ಕಾರ್ಡಿಗೇನು ಬರ, ಅಲ್ವಾ?) ಬಡಗಿ ಮೊದಲು ಚೂರು ಮರದಲ್ಲಿ ಕೊಯ್ದು ನೋಡಲಿ. ಕೂದಲೆಳೆಯ ಸಂದಿ ಉಳಿದರೆ ಅಕ್ರಿಲಿಕ್ ಸೀಲಂಟ್ ಸಾಕು. ಮಾಮೂಲಿ ಸಿಲಿಕಾನ್ ಮಾತ್ರ ಬೇಡ, ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ.